ಇಪ್ಪತ್ನಾಲ್ಕು ತಾಸಿನ ಕ್ಯಾನು

ಕ್ಯಾನು ಸೋರಬಹುದಿತ್ತು. ಮುಚ್ಚಳ ಸಡಿಲಾಗಿ ಅರ್ಧ ಚೆಲ್ಲಬಹುದಿತ್ತು. ಬಣ್ಣಕ್ಕೆ ಮೋಸಹೋಗಿ ಯಾರಾದರೂ ಕಬ್ಬಿನ ಹಾಲೆಂದು ಲೋಟಕ್ಕೆ ಬಗ್ಗಿಸಿಕೊಳ್ಳಬಹುದಿತ್ತು. ಚಿಕ್ಕೋಡಿಯ ಬಸ್ಸಿನಲ್ಲಿ ಕಂಡಕ್ಟರ್ "ಏನೈತ್ರೀ ಇದ್ರಾಗ?" ಎಂದು ಎಲ್ಲರೆದುರು ಕೇಳಬಹುದಿತ್ತು. ಇದನ್ನೆಲ್ಲ ಹಿಂದಿನ ದಿನವೇ ಚಿಂತಿಸಿ ಮುಗಿಸಿದ್ದೆ. ಆ ಕೆಲಸದಲ್ಲಿ ನಾನು ಸೋಮಾರಿಯಲ್ಲ.

ರಕ್ತದ ವರದಿಯಲ್ಲಿ ಕ್ರಿಯಾಟಿನಿನ್ ತುಸು ಹೆಚ್ಚಿತ್ತು. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಯಲು, ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಅದೇ ಹೊತ್ತಿನವರೆಗಿನದನ್ನೆಲ್ಲ ಈ ಕ್ಯಾನಿನಲ್ಲಿ ಹಿಡಿದು ತರಲು ಡಾಕ್ಟರು ಹೇಳಿದ್ದರು. ನನ್ನ ದೊಡ್ಡಪ್ಪ ಡಯಾಲಿಸಿಸ್‌ಗೆ ಹೋಗಿ ಹೋಗಿ ಕರಗಿದ್ದನ್ನು ಕಂಡವನು ನಾನು. ಹೆದರಲು ಆ 'ತುಸು'ವೇ ನನಗೆ ಸಾಕಾಯಿತು.

ಕ್ಯಾನನ್ನು ಫ್ರಿಜ್ಜಿನಲ್ಲಿಡುತ್ತೇನೆ ಅಂದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಮೊಸರಿನ ಬಾಜೂಕ ಇಡ್ತೀರೇನ್ರಿ? ದೇವ್ರ ಮನ್ಯಾಗ ಇಡ್ರಿ, ಊದಿನಕಡ್ಡೀನೂ ಹಚ್ಚತೇನಿ!"

ಬಚ್ಚಲ ಮೂಲೆಯಲ್ಲಿಟ್ಟೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನೆತ್ತಿದೆ. ಬೆಚ್ಚಗಿತ್ತು. ನಿನ್ನೆ ತಿಂದ ಮೊಟ್ಟೆ, ಬೇಳೆಗಳನ್ನು ಒಡೆದಾಗ ಉಳಿದ ವಿಷವನ್ನು ಯಕೃತ್ತು ಯೂರಿಯಾ ಮಾಡಿ ರಕ್ತಕ್ಕೆ ಬಿಟ್ಟಿತ್ತು; ಕಿಡ್ನಿ ಸೋಸಿ ಇಲ್ಲಿಗೆ ಕಳಿಸಿತ್ತು. ಯಾರೂ ಹೇಳದೆ, ನಾನು ಮಲಗಿದ್ದಾಗಲೂ. ಉಪವಾಸವಿದ್ದರೆ ದೇಹ ನನ್ನ ಮಾಂಸವನ್ನೇ ಒಡೆಯುತ್ತದಂತೆ. ನನ್ನೊಳಗೆ ಮುಖವಿಲ್ಲದ ಯಾರೋ ಬಾಗಿಲು ಹಾಕಿಕೊಂಡು ದುಡಿಯುತ್ತಿದ್ದಾರೆ, ಅವರು ಕೈಬಿಟ್ಟರೂ ನನಗೆ ಬಹಳ ದಿನ ಗೊತ್ತಾಗುವುದಿಲ್ಲ ಅನಿಸಿತು. ಕ್ಯಾನಿನೊಳಗೆ ಒಂದು ಗುಳ್ಳೆ ಮೇಲೆದ್ದು, ಸಾವಕಾಶ ಒಡೆಯಿತು. ಕೆಳಗಿಟ್ಟು ಹೊರಗೆ ಬಂದೆ.

ಮನೆಯಲ್ಲಿ ನಿಲ್ಲಲಾಗದೆ ಹೊಲಕ್ಕೆ ಹೋದೆ. ಗಾಳಿ ಇರಲಿಲ್ಲ, ಆದರೂ ತಲೆಗಿಂತ ಎತ್ತರದ ಕಬ್ಬು ಒಳಗೊಳಗೇ ಸರಸರ ಅನ್ನುತ್ತಿತ್ತು. ನೀರು ಕೊನೆಯ ಸಾಲಿಗೆ ಮುಟ್ಟಿದೆಯೋ ಎಂದು ನೋಡುತ್ತ ಬದುವಿನ ಮೇಲೆ ನಿಂತೆ. ನಿಂತವನು, ಹುಡುಗನಿದ್ದಾಗಿನಿಂದ ನಿಂತ ಹಾಗೆಯೇ, ಕಬ್ಬಿನ ಕಡೆ ಮುಖಮಾಡಿ ಹಗುರಾದೆ. ಲಾಡಿ ಕಟ್ಟುವಾಗ ಕ್ಯಾನು ನೆನಪಾಯಿತು.

ಲ್ಯಾಬಿಗೆ ಫೋನು ಮಾಡಿದೆ. ಅಲ್ಲಿನ ಹುಡುಗಿ ನಕ್ಕಳು. "ಕಾಕಾ, ಒಂದ್ ಸಲ ಹೊರಗ ಹೋತಂದ್ರ ಮುಗೀತ್ರಿ. ಕಿಡ್ನಿ ಕಡಿಮಿ ಸೋಸತೈತಿ ಅಂತ ಸುಳ್ಳ ಬರತೈತಿ. ನಾಳಿಂದ ಮತ್ತ ಹಿಡೀರಿ."

ಇನ್ನೊಂದು ದಿನ, ಒಳಗೆ ಏನಾಗಿದೆಯೆಂದು ತಿಳಿಯದೆ. ಕಾಲಬುಡ ನೋಡಿದೆ. ಮಣ್ಣು ಅಷ್ಟರಲ್ಲೇ ಕುಡಿದು ಮುಗಿಸಿತ್ತು.