ಮೃಗಕ್ಕೆ ಕೊಟ್ಟ ದನಿ

ಆಲ್ಬನ್ ಥರ್ಕೆಟಲ್ ಲಂಡನ್ ಪಕ್ಕದ ಬೋರ್‌ಹ್ಯಾಮ್‌ವುಡ್‌ನಲ್ಲಿ ಎರಡಂತಸ್ತಿನ ಬಸ್ಸಿನ ಕಂಡಕ್ಟರನಾಗಿದ್ದ. ಎತ್ತರ ಏಳಡಿಗೆ ಒಂದೆರಡು ಅಂಗುಲ ಕಡಿಮೆ. ಮೇಲಿನ ಅಂತಸ್ತಿನಲ್ಲಿ ಕತ್ತು ಬಗ್ಗಿಸಿಕೊಂಡೇ ಟಿಕೆಟ್ ಕೊಟ್ಟು ಕೊಟ್ಟು, ಮೂವತ್ತು ದಾಟುವ ಮೊದಲೇ ಬೆನ್ನು ಗೂನಾಗಿತ್ತು. ಅಷ್ಟು ಎತ್ತರದಲ್ಲಿ ಹವಾ ಹೇಗಿದೆ ಎಂದು ದಿನಕ್ಕೊಬ್ಬರಾದರೂ ತಮಾಷೆಗೆ ಕೇಳುತ್ತಿದ್ದರು. ಅವನು ಪ್ರತಿ ಸಲವೂ ನಗುತ್ತಿದ್ದ.

ಆ ಊರಿನ ಸಿನಿಮಾ ಸ್ಟುಡಿಯೋದ ಸಹಾಯಕ ನಿರ್ದೇಶಕ ಟಲ್ಲಿ ಒಂದು ಬೆಳಿಗ್ಗೆ ಅದೇ ಬಸ್ಸು ಹತ್ತಿದವನು ಟಿಕೆಟ್ ತೆಗೆದುಕೊಳ್ಳುವುದನ್ನೇ ಮರೆತು ಅವನನ್ನು ನೋಡುತ್ತಾ ಕುಳಿತ.

"ಏನಪ್ಪಾ ಉದ್ದಣ್ಣ, ಸಿನಿಮಾದಲ್ಲಿ ಮಾಡ್ತೀಯಾ?"

"ನಂಗೆ ನಟನೆ ಬರಲ್ಲ ಸ್ವಾಮಿ."

"ನಟನೆ ಯಾರಿಗೆ ಬೇಕು? ನಿನ್ನ ಮುಖಾನೂ ಕಾಣಲ್ಲ."

ಬೇರೆ ಗ್ರಹದಿಂದ ಬಂದು ಆಕಾಶನೌಕೆಯೊಳಗೆ ಸೇರಿಕೊಂಡು ಒಬ್ಬೊಬ್ಬರನ್ನೇ ಕೊಲ್ಲುವ ಮೃಗ ಅವನಾಗಬೇಕಿತ್ತು. ಮೈಗೆಲ್ಲ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. ಅದರ ಮೇಲೆ ರಬ್ಬರಿನ ಚರ್ಮ ಮಾಡಿದರು. ಮೃಗದ ತಲೆ ಅವನ ತಲೆಗಿಂತಲೂ ಮೇಲೆ ಕೂತಿತ್ತು. ಅದರ ಗಂಟಲಿನ ಮಡಿಕೆಯಲ್ಲಿದ್ದ ಸೀಳೊಂದರಿಂದ ಅವನು ಹೊರಗೆ ನೋಡಬೇಕು. ಒಳಗೆ ತನ್ನ ಉಸಿರು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಮೃಗದ ಬೆರಳುಗಳೂ ಅವನವಲ್ಲ. ಸೆಟ್ಟಿನ ಹಿಂದೆ ನಿಂತ ಇಬ್ಬರು ತಂತಿ ಎಳೆದರೆ ಅವು ಮಡಚಿಕೊಳ್ಳುತ್ತಿದ್ದವು. ಮೈಮೇಲಿನ ಲೋಳೆಗೆ ವಾಲ್‌ಪೇಪರ್ ಅಂಟಿಸುವ ಗೋಂದನ್ನೇ ನೀರಾಗಿ ಕಲಸಿ ಬಕೆಟ್‌ಗಟ್ಟಲೆ ಸುರಿಯುತ್ತಿದ್ದರು. ಸಂಜೆ ಬೂಟು ಬಗ್ಗಿಸಿದರೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಆ ಸೆಟ್ಟಿನಲ್ಲಿ ಅವನನ್ನು ಮನುಷ್ಯನಂತೆ ಮಾತಾಡಿಸಿದವಳು ರೊವೀನಾ ಪಾರ್ಗಿಟರ್. ನಾಯಕಿಯ ಬದಲಿಗೆ ಬೀಳುವುದು, ಹಾರುವುದು, ಒದೆ ತಿನ್ನುವುದು ಅವಳ ಕೆಲಸ. ಊಟದ ಬಿಡುವಿನಲ್ಲಿ ಆ ಗಂಟಲಿನ ಸೀಳಿನೊಳಗೆ ಸ್ಟ್ರಾ ತೂರಿಸಿ ಅವನಿಗೆ ಚಹಾ ಕುಡಿಸುತ್ತಿದ್ದಳು.

"ನೋಡು, ನಾನು ಕಿರುಚಿದ್ರೆ ಅದು ನಟನೆ. ಎದೆಗೆ ಗುದ್ದಿದ್ರೆ ನಿಜ. ಗೊತ್ತಾಯ್ತಾ?"

"ಗುದ್ದಿದ್ದು ಗೊತ್ತಾಗದೆ ಹೋದ್ರೆ?"

"ಹಂಗಾದ್ರೆ ಇನ್ನೂ ಜೋರಾಗಿ ಗುದ್ತೀನಿ ಕಣೋ."

ಒಂದು ದಿನ, ಮೃಗವು ನಾಯಕಿಯನ್ನು ಎತ್ತಿ ಅಟ್ಟಣಿಗೆಯ ಅಂಚಿನಿಂದಾಚೆ ಹಿಡಿಯುವ ದೃಶ್ಯ; ನಾಯಕಿಯ ಜಾಗದಲ್ಲಿ ರೊವೀನಾ. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಒಂದು ಬದಿಯವು ಕ್ಯಾಮೆರಾಗೆ ಕಾಣುತ್ತವೆಂದು ಟಲ್ಲಿ ಅವನ್ನು ಸರಿಸಿಬಿಟ್ಟ. ಬೀಳದಂತೆ ಅವಳ ಸೊಂಟಕ್ಕೆ ಕಟ್ಟಿದ್ದ ತಂತಿಯೂ ಕಾಣುತ್ತದೆಂದು ಬಿಚ್ಚಿಸಿದ. ಮೃಗದ ತೋಳಿನ ಲೋಳೆಯನ್ನಾದರೂ ಒರೆಸಿ ಎಂದು ರೊವೀನಾ ಕೇಳಿದಳು.

"ಒರೆಸಿದ್ರೆ ಹೊಳೆಯಲ್ಲಮ್ಮ. ಒಂದೇ ಒಂದು ಟೇಕ್. ಆಮೇಲೆ ಮನೆಗೆ ಹೋಗು," ಎಂದ ಟಲ್ಲಿ.

ಆಲ್ಬನ್ ಅವಳನ್ನು ಎತ್ತಿದ. ಎದೆಯ ಮೇಲೆ ಏನೋ ಬಡಿದಂತಾಯಿತು. ಮೆತ್ತಗೆ, ದಿಂಬಿಗೆ ಬಡಿದ ಹಾಗೆ. ಇದೇನು ಎಂದು ಯೋಚಿಸುವಷ್ಟರಲ್ಲಿ ತೋಳು ಹಗುರವಾಯಿತು. ಆ ಹಗುರ ಅವನಿಗೆ ಅರ್ಥವಾಗಲಿಲ್ಲ. ಹೇಳಿಕೊಟ್ಟ ಹಾಗೆ ತೋಳು ಚಾಚಿಕೊಂಡೇ, ಮೃಗದ ತಲೆಯನ್ನು ಆಚೀಚೆ ಆಡಿಸುತ್ತಾ ನಿಂತಿದ್ದ. ಯಾರೋ ಓಡಿ ಬಂದು ಆ ತಲೆ ಕಳಚಿದ ಮೇಲೆಯೇ ಅವನು ಕೆಳಗೆ ನೋಡಿದ್ದು. ಪೆಟ್ಟಿಗೆಗಳು ಇಲ್ಲದ ಕಡೆ ಅವಳು ಬಿದ್ದಿದ್ದಳು.

"ನಿಂದೇನೂ ತಪ್ಪಿಲ್ಲ ಬಿಡು," ಎಂದು ಟಲ್ಲಿ ರಬ್ಬರಿನ ಬೆನ್ನು ತಟ್ಟಿದ. ಸ್ವಲ್ಪ ಹೊತ್ತು ಬಿಟ್ಟು, "ಶಾಟ್ ಮಾತ್ರ ಅದ್ಭುತವಾಗಿ ಬಂದಿದೆ," ಎಂದ.

ಶಾಟ್ ಸಿನಿಮಾದಲ್ಲಿ ಉಳಿಯಿತು. ಆಲ್ಬನ್ ಒಂದು ವಾರ ಮನೆಯಲ್ಲಿ ಮಲಗಿದ್ದು, ಆಮೇಲೆ ಮತ್ತೆ ಹೋಗಿ ಮೃಗದೊಳಗೆ ನಿಂತು ಉಳಿದ ಕೆಲಸ ಮುಗಿಸಿದ. ಹೋಗಬಾರದಿತ್ತು ಎಂದು ಅವನಿಗೆ ಆಗಲೂ ಗೊತ್ತಿತ್ತು.

ರೊವೀನಾಳ ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವೇ ಉಳಿದಿರಲಿಲ್ಲ. ಆಲ್ಬನ್ ಹೂವು ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ಬಗ್ಗಿ ನಿಂತಾಗ ಅವಳೇ ಕರೆದಳು.

"ಬಾ ಒಳಗೆ. ಅದೇನು ಅಷ್ಟು ಹೂವು? ಇನ್ನೂ ಸತ್ತಿಲ್ಲ ಕಣೋ ನಾನು."

"ನೀನು ಗುದ್ದಿದ್ದು ನಂಗೆ..."

"ಗೊತ್ತು. ನನ್ನ ಕೈಯೂ ಜಾರ್ತಿತ್ತು. ಅದನ್ನ ಇನ್ನೊಂದ್ಸಲ ಎತ್ತಬೇಡ. ಕೂತ್ಕೋ, ಕತ್ತು ನೋಯುತ್ತೆ ನಿನ್ನ ನೋಡಿದ್ರೆ."

ಪುರಸಭೆ ಅವಳಿಗೆ ನೆಲಮಹಡಿಯಲ್ಲಿ ಒಂದು ಮನೆ ಕೊಟ್ಟಿತು. ಪ್ರತಿ ಗುರುವಾರ ಮಧ್ಯಾಹ್ನ ಆಲ್ಬನ್ ಅಲ್ಲಿಗೆ ಹೋಗತೊಡಗಿದ. ಸಾಮಾನು ತರುತ್ತಿದ್ದ, ಬಲ್ಬು ಹಾಕುತ್ತಿದ್ದ, ಇಬ್ಬರೂ ಇಸ್ಪೀಟು ಆಡುತ್ತಿದ್ದರು. ಅವಳು ರಾಜಾರೋಷವಾಗಿ ಮೋಸ ಮಾಡುತ್ತಿದ್ದಳು. ಮದುವೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಕೆಲವು ಗುರುವಾರ ಅವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅಂದು ಅವನು ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದು ಎದ್ದು ಬರುತ್ತಿದ್ದ.

ಈ ನಡುವೆ ಸಿನಿಮಾ ಬೆಳೆಯುತ್ತಾ ಹೋಯಿತು. ಬಿಡುಗಡೆಯಾದಾಗ ಯಾರೂ ಕೇಳದಿದ್ದ ಚಿತ್ರಕ್ಕೆ ವರ್ಷಗಳು ಕಳೆದಂತೆ ಹುಚ್ಚು ಅಭಿಮಾನಿಗಳಾದರು. ಹೋಟೆಲುಗಳ ಸಭಾಂಗಣಗಳಲ್ಲಿ ಸಮಾವೇಶ ನಡೆಸಿ ಆಲ್ಬನ್‌ನನ್ನು ಕರೆಸುತ್ತಿದ್ದರು. ಅವನು ವೇದಿಕೆ ಹತ್ತುವಾಗ ಧ್ವನಿವರ್ಧಕದಲ್ಲಿ ಮೃಗದ ಆ ಹೆಸರಾಂತ ಕೂಗು ಹಾಕುತ್ತಿದ್ದರು. ಆಳವಾದ, ಎಳೆದೆಳೆದು ಬರುವ ಕೂಗು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವನ ಎತ್ತರವನ್ನು ಕಂಡು ಜನ ಸಂತೋಷಪಟ್ಟದ್ದು ಆ ಜಾಗಗಳಲ್ಲಿ ಮಾತ್ರ. ಅಲ್ಲಿ ಅವನು ನೆಟ್ಟಗೆ ನಿಲ್ಲುತ್ತಿದ್ದ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಸಲ ಚಿತ್ರದ ಧ್ವನಿ ಸಂಕಲನಕಾರ ಕ್ವಿಲ್ ಕೂಡ ಬಂದಿದ್ದ. ವಯಸ್ಸಾಗಿತ್ತು, ಮಾತಿನ ಚಪಲ ಹೋಗಿರಲಿಲ್ಲ. ತೆರೆಮರೆಯ ಸಂಗತಿ ಹೇಳಿ ಎಂದು ಜನ ಪೀಡಿಸಿದರು.

"ಆ ಕೂಗು ಯಾವ ಪ್ರಾಣಿದು ಅಂತ ಎಲ್ರೂ ಕೇಳ್ತಾರೆ," ಎಂದ ಕ್ವಿಲ್. "ಆನೆ ಅಂತಾರೆ, ಕತ್ತೆ ಅಂತಾರೆ. ಸಿಂಹದ ದನಿ ನಾನೂ ಹಾಕಿ ನೋಡ್ದೆ, ಸರಿಹೋಗ್ಲಿಲ್ಲ. ಆವಾಗ ಅಟ್ಟಣಿಗೆಯಿಂದ ಒಬ್ಳು ಬಿದ್ದಿದ್ಲಲ್ಲ, ಆ ಟೇಪ್ ಇತ್ತು. ಅವಳ ಕಿರುಚಾಟನ ಅರ್ಧ ವೇಗಕ್ಕಿಳಿಸಿ, ಅದರ ಮೇಲೇ ಇನ್ನೊಂದು ಪದರ ಹಾಕ್ದೆ. ಅಷ್ಟೇ!"

ಸಭೆ ಬೆರಗಿನಿಂದ ಹೋ ಎಂದಿತು. ಕೆಲವರು ಶಿಳ್ಳೆ ಹಾಕಿದರು.

ಆಲ್ಬನ್ ಎದ್ದು ನಿಂತ. "ಅವಳ ಹೆಸರು ರೊವೀನಾ ಪಾರ್ಗಿಟರ್," ಎಂದ. "ಇನ್ನೂ ಬದುಕಿದಾಳೆ. ನಡೆಯಕ್ಕಾಗಲ್ಲ."

ಮೈಕು ಅವನ ಬಾಯಿಗೆ ಎಟುಕುವಷ್ಟು ಎತ್ತರದಲ್ಲಿರಲಿಲ್ಲ. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ಅವರು ಕಣ್ಣು ತಗ್ಗಿಸಿದರು. ಹಿಂದಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ನಿರೂಪಕ ಅವಸರವಾಗಿ, ಲೋಳೆಯನ್ನು ಯಾವುದರಿಂದ ಮಾಡಿದ್ದು ಎಂದು ಮುಂದಿನ ಪ್ರಶ್ನೆ ಕೇಳಿದ.

ಆ ಗುರುವಾರ ಆಲ್ಬನ್ ಇಸ್ಪೀಟು ಹಂಚಲಿಲ್ಲ. ಕೇಳಿದ್ದನ್ನೆಲ್ಲ ಹೇಳಿದ. ರೊವೀನಾ ಗಾಲಿಕುರ್ಚಿಯಲ್ಲಿ ಚಹಾ ಕಲಕುತ್ತಾ ಕೇಳಿಸಿಕೊಂಡಳು.

"ನಂಗೆ ಗೊತ್ತಿತ್ತು."

"ಯಾವತ್ತಿಂದ?"

"ಥಿಯೇಟರ್‌ನಲ್ಲಿ ನೋಡಿದ ದಿನದಿಂದ. ಅಕ್ಕ ಕರ್ಕೊಂಡು ಹೋಗಿದ್ಲು. ಎಷ್ಟು ನಿಧಾನ ಮಾಡಿದ್ರೂ ನನ್ನ ಗಂಟಲು ನಂಗೆ ಗೊತ್ತಾಗಲ್ವಾ?"

"ನಾನು ಆ ಕೂಗು ಹಾಕಿಸ್ಕೊಂಡು ವೇದಿಕೆ ಹತ್ತುತ್ತಿದ್ದೆ, ರೊವೀನಾ. ಕೈ ಬೀಸ್ತಿದ್ದೆ. ಒಂದ್ಸಲನಾದ್ರೂ ಹೇಳಬಾರ್ದಿತ್ತಾ?"

"ಹೇಳಬೇಕು ಅನ್ಕೋತಿದ್ದೆ. ಆದ್ರೆ ಅಲ್ಲಿಗೆ ಹೋಗಿ ಬಂದ ವಾರ ನೀನು ನಗ್ತಿದ್ದೆ. ಮಿಕ್ಕ ವಾರ ಎಲ್ಲ ಸಾವಿನ ಮನೆಗೆ ಬಂದವನ ಹಾಗೆ ಕೂತಿರ್ತಿದ್ದೆ. ನಂಗೂ ಒಂದು ನಗೋ ಮುಖ ಬೇಕಾಗಿತ್ತು ಕಣೋ."

ಅವನು ಮುಖ ಮುಚ್ಚಿಕೊಂಡ. ಅವಳು ಸಮಾಧಾನ ಹೇಳಲಿಲ್ಲ. ಅವನ ಚಹಾ ಆರುತ್ತಿದೆ ಎಂದಷ್ಟೇ ಹೇಳಿದಳು.

ಅವನು ಮತ್ತೆ ಯಾವ ಸಮಾವೇಶಕ್ಕೂ ಹೋಗಲಿಲ್ಲ. ಕ್ವಿಲ್ ಹೇಳಿದ ಸಂಗತಿ ಮಾತ್ರ ಪತ್ರಿಕೆಗಳಿಗೆ ಹಬ್ಬಿತು. ಅವಳ ಹೆಸರನ್ನು ಯಾರೂ ಹಾಕಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ವರ್ಷಗಟ್ಟಲೆ ಕೂತು ಮಲಗಿಯೇ ಆಗಿದ್ದ ರೊವೀನಾಳ ಬೆನ್ನಿನ ಹುಣ್ಣು ನಂಜಾಗಿ ರಕ್ತಕ್ಕೆ ಸೇರಿತು. ಕೊನೆಯ ವಾರ ಅವಳು ಯಾರನ್ನೂ ಗುರುತಿಸಲಿಲ್ಲ.

ಶವಸಂಸ್ಕಾರಕ್ಕೆ ಹತ್ತು ಜನವೂ ಸೇರಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಡಲು ಆಲ್ಬನ್ ಮುಂದೆ ಬಂದಾಗ ಶವಸಂಸ್ಕಾರ ನಡೆಸುವವನು ತಡೆದ.

"ನೀವು ಬೇಡ ಸಾರ್. ನಿಮ್ಮ ಎತ್ತರಕ್ಕೆ ಪೆಟ್ಟಿಗೆ ವಾಲುತ್ತೆ. ಹಿಂದೆ ನಡ್ಕೊಂಡು ಬನ್ನಿ."

"ಅವನು ಹೊರಲಿ," ಎಂದಳು ರೊವೀನಾಳ ಅಕ್ಕ.

ಅವನು ಹಿಂಬದಿಯ ಮೂಲೆಗೆ ಹೆಗಲು ಕೊಟ್ಟು, ಉಳಿದವರ ಮಟ್ಟಕ್ಕೆ ಮಂಡಿ ಮಡಚಿ, ಚರ್ಚಿನ ಬಾಗಿಲಿನಿಂದ ಗುಂಡಿಯವರೆಗೂ ಹಾಗೇ ನಡೆದ. ಅರ್ಧ ದಾರಿಗೇ ಅವನ ತೊಡೆ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಇಳಿಸಿ ಎಂದು ಹೇಳಿದಾಗ ಉಳಿದವರು ಗುಂಡಿಗೆ ಅಡ್ಡ ಹಾಕಿದ್ದ ಹಲಗೆಗಳ ಮೇಲೆ ಇಳಿಸಿದರು.

"ಬಿಡಿ ಸಾರ್, ಕೆಳಗೆ ಹಲಗೆ ಇದೆ," ಎಂದ ಶವಸಂಸ್ಕಾರ ನಡೆಸುವವನು.

ಅವನು ಬಿಡಲಿಲ್ಲ. ಅಕ್ಕ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.