ಹಾಲುಕೋಣೆಯಲ್ಲಿ ರಟ್ಟಿನ ತೊಟ್ಟಿ

ಗಾಜಿನ ತೊಟ್ಟಿ ಅವ್ವೆಗಾಗಿ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ಮೊಣಕಾಲು ಹಿಡಿದುಕೊಂಡ ಮೇಲೆ ಅವ್ವೆ ಕೆಳಗಿನ ಹೊಲಕ್ಕೆ ಇಳಿಯುವುದು ನಿಂತಿತ್ತು. ಹೊಲವೆಂದರೆ ಈಗ ಮುಕ್ಕಾಲು ಪಾಲು ಟೀ. ಹಳ್ಳದ ಪಕ್ಕದ ಪಟ್ಟಿಯಲ್ಲಿ ಮಾತ್ರ ಕ್ಯಾರೆಟ್ಟು. ಅವ್ವೆ ಹಜಾರದ ಕಿಟಕಿಯ ಕೆಳಗೆ, ಬಿಸಿಲು ಬೀಳುವ ಬೆಂಚಿನ ಮೇಲೆ ಕಂಬಳಿ ಹೊದ್ದು, ಶಬ್ದ ತೆಗೆದ ಟಿವಿಯ ಎದುರು ಕೂತಿರುತ್ತಿದ್ದಳು. ಅವಳು ಹಳ್ಳಕ್ಕೆ ಹೋಗಲಾರಳು, ಹಳ್ಳವನ್ನೇ ಮನೆಗೆ ತಂದರಾಯಿತು ಎಂದುಕೊಂಡೆ.

ಊಟಿಯ ಅಂಗಡಿಯೊಂದರಲ್ಲಿ ಅಂಥ ಮೀನಿನ ತೊಟ್ಟಿ ನೋಡಿದ್ದೆ. ಸುತ್ತ ಚೌಕಟ್ಟಿಲ್ಲ, ಮೇಲೆ ಪಟ್ಟಿಯಿಲ್ಲ. ನೀರು ಗಾಜಿನ ಅಂಚಿನವರೆಗೆ ತುಂಬಿ ಯಾರ ಆಸರೆಯೂ ಇಲ್ಲದೆ ನಿಂತ ಹಾಗೆ. ಒಳಗೆ ಕಲ್ಲು, ಕಲ್ಲಿಗೆ ಹಿಡಿದ ಹಾವಸೆ, ಜರಿಗಿಡ, ಚಳಿ ತಡೆಯುವ ಸಣ್ಣ ಮೀನು. ಅದರ ಎದುರು ನಾನು ತುಂಬ ಹೊತ್ತು ನಿಂತಿದ್ದೆ. ಆಗ ಅವ್ವೆಯ ನೆನಪು ಬಂತು ಎಂದು ಬರೆಯಬೇಕು. ಬಂದದ್ದು ಬಸ್ಸಿನಲ್ಲಿ, ಮನೆಗೆ ಮರಳುವಾಗ.

ಅವಳಿಗೆ ನೀರು ನೋಡುವುದು ಇಷ್ಟ ಎನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ನೆನಪು. ಹಳ್ಳದಲ್ಲಿ ಕ್ಯಾರೆಟ್ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, ಮೀನುಮರಿಗಳ ಗುಂಪೊಂದು ದಾಟಿಹೋಗುವವರೆಗೆ ಕಾಯುತ್ತಾಳೆ. ಎಳೆಬಿಸಿಲು. ಕ್ಯಾರೆಟ್ಟಿನ ಬಣ್ಣ ಇರಬೇಕಾದ್ದಕ್ಕಿಂತ ಹೆಚ್ಚು ಕೆಂಪು. ಆ ಬಣ್ಣವೇ ನನಗೆ ಅನುಮಾನ ತಂದದ್ದು. ಅವಳನ್ನೇ ಕೇಳಿದೆ.

“ಮೀನಾ? ಆ ಹಳ್ಳಕ್ಕೆ ಮೀನೆಲ್ಲಿಂದ ಬರುತ್ತೆ ಮಗಾ? ಗೊದಮೊಟ್ಟೆ ಇದ್ದಿರ್ಬೋದು,” ಎಂದಳು ಅವ್ವೆ. “ಎನಗ ಬೆರಳು ಮರಗಟ್ಟಿ ಕೈ ನಿಂತಿರ್ಬೋದು. ಅಂಥ ಚಳಿ ನೀರು ಅದು.”

ಇಬ್ಬರೂ ನಕ್ಕೆವು. ಅಲ್ಲಿಗೆ ಬಿಡಬಹುದಿತ್ತು.

ನಮ್ಮದು ಕೆತ್ತಿ ಕಣಿವೆಯ ಒಂದು ಹಟ್ಟಿ. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು. ಒಳಮನೆಯಿಂದ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲಿನ ಆಚೆ ಒಂದು ಸಣ್ಣ ಕೋಣೆಯಿದೆ. ಅದು ಹಾಗೊಟ್ಟು, ಹಾಲುಕೋಣೆ. ಎಮ್ಮೆಗಳಿದ್ದ ಕಾಲದಲ್ಲಿ ಹಾಲು, ಮೊಸರು, ಬೆಣ್ಣೆ ಇರುತ್ತಿದ್ದದ್ದು ಅಲ್ಲಿ. ಗಂಡಸರು ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು. ಹೆಂಗಸರು ಹೊಸ್ತಿಲಿನ ಈಚೆ ನಿಂತು ಪಾತ್ರೆ ಒಡ್ಡುತ್ತಿದ್ದರು. ನಾನು ಚಿಕ್ಕವನಾಗಿದ್ದಾಗ ಅಪ್ಪ ಎಮ್ಮೆಯ ಕೆಚ್ಚಲಿಗೆ ನನ್ನ ಕೈ ಹಿಡಿಸಿ, ಕರೆದ ಹಾಲಿನೊಂದಿಗೆ ನನ್ನನ್ನು ಅದರೊಳಗೆ ಕರೆದುಕೊಂಡು ಹೋಗಿದ್ದ. ಆಮೇಲೆ ಎಮ್ಮೆಗಳು ಹೋದವು, ಅಪ್ಪನೂ ಹೋದ. ಹಾಲು ಈಗ ಪ್ಯಾಕೆಟ್ಟಿನಲ್ಲಿ ಬಂದು ನೇರ ಫ್ರಿಜ್ಜಿಗೆ ಹೋಗುತ್ತದೆ. ಹಾಲುಕೋಣೆಯಲ್ಲಿ ಉಳಿದದ್ದು ನನ್ನ ಪುಸ್ತಕದ ಪೆಟ್ಟಿಗೆಗಳು.

ತೊಟ್ಟಿ ಮಾಡುವವರು ಗೂಡಲೂರಿನ ಕಡೆಯವರು. ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ. ಜಾಗ ನೋಡಲು ಮನೆಗೆ ಬಂದರು. ಹಜಾರದ ಕಿಟಕಿಯ ಮುಂದೆ ನಿಂತು ತಲೆ ಅಲ್ಲಾಡಿಸಿದರು.

“ಇಲ್ಲಿ ಬೇಡ ಸಾರ್, ನೆಲಾನೂ ವಾಲಿದೆ. ಇಷ್ಟು ವೆಯಿಲ್, ಇಷ್ಟು ಬಿಸಿಲು ಬಿದ್ದರೆ ತೊಟ್ಟಿ ಪೂರಾ ಪಾಚಿ. ಸೊಪ್ಪಿನ ಸಾರು ನೋಡ್ಕೊಂಡು ಕೂತಿರ್ತೀರ.”

ಹಾಲುಕೋಣೆಯನ್ನು ತೋರಿಸಿದೆ. ನೆಲಕ್ಕೆ ರಸಮಟ್ಟ ಇಟ್ಟು, ಗಾಜಿನ ಕೊಳವೆಯ ಗುಳ್ಳೆ ಸರಿಯಾಗಿ ನಡುವೆ ನಿಂತದ್ದನ್ನು ನೋಡಿ ಅವರ ಮುಖ ಅರಳಿತು. ಚೌಕಟ್ಟಿಲ್ಲದ ತೊಟ್ಟಿಗೆ ನೆಲ ಒಂದು ಚೂರು ವಾಲಿದ್ದರೂ ನೀರಿನ ಭಾರ ಒಂದೇ ಅಂಚಿಗೆ ಬೀಳುತ್ತದಂತೆ, ಬೆಸುಗೆ ಬಿಡುತ್ತದಂತೆ.

“ಬಿಸಿಲಿಲ್ಲ, ತಂಪು, ಕಲ್ಲಿನ ನೆಲ. ನಿಮ್ಮ ಮುತ್ತಚ್ಚ ಮೀನಿಗೇ ಅಂತ ಕಟ್ಟಿಸಿದ ರೂಮಿದು ಸಾರ್!”

ನಾನೂ ಹಿಗ್ಗಿದೆ. ಗಾಜಿನ ದಪ್ಪ, ದೀಪದ ಎತ್ತರ, ಅಡಿಗೆ ಹಾಸುವ ಫೋಮ್ ಶೀಟು, ಹಿಂದಿನ ಗೋಡೆಗೆ ಒರಗುವ ಕಲ್ಲಿನ ಇಳಿಜಾರು, ಎಲ್ಲವನ್ನೂ ಅಲ್ಲೇ ಮಾತಾಡಿ ಮುಗಿಸಿದೆವು. ಅವ್ವೆ ಅವರಿಗೆ ಟೀ ತಂದುಕೊಟ್ಟಳು. ಎಲ್ಲಿ ಕೊಟ್ಟಳು? ಹೊಸ್ತಿಲಿನ ಈಚೆಯಿಂದ ಕೈ ಚಾಚಿಯೇ ಕೊಟ್ಟಿರಬೇಕು. ಗೂಡಲೂರಿನವರು ಒಳಗಿಂದ ಕೈ ಚಾಚಿ ತೆಗೆದುಕೊಂಡಿರಬೇಕು. ನಾನು ಅದನ್ನು ಕಂಡೆನೋ ಇಲ್ಲವೋ ಎಷ್ಟು ಯೋಚಿಸಿದರೂ ಸಿಗುವುದಿಲ್ಲ. ಕಂಡೂ ಸುಮ್ಮನಿದ್ದೆ ಎಂದರೆ ಒಂದು ಬಗೆಯ ತಪ್ಪು. ಕಾಣಲೇ ಇಲ್ಲ ಎಂದರೆ ಅದಕ್ಕಿಂತ ದೊಡ್ಡದು.

ಅವರು ಹೋದ ಮೇಲೆ ಫ್ರಿಜ್ಜು ಬಂದಿದ್ದ ರಟ್ಟನ್ನು ಕತ್ತರಿಸಿ, ತೊಟ್ಟಿಯ ಅಳತೆಗೇ ಒಂದು ಡಬ್ಬ ಮಾಡಿದೆ. ಪುಸ್ತಕದ ಪೆಟ್ಟಿಗೆಗಳನ್ನು ಸರಿಸಿ, ಅದನ್ನು ಹಾಲುಕೋಣೆಯ ಗೋಡೆಗೆ ತಾಗಿಸಿ ಇಟ್ಟು, ಒಳಗೆ ಹಳ್ಳದ ಕಲ್ಲುಗಳನ್ನು ಜೋಡಿಸಿದೆ. ಎದುರಿಗೆ ಒಂದು ಸ್ಟೂಲು. ಅದರ ಮೇಲೆ ಕೂತು ನೋಡಿದೆ. ತುಂಬ ಚೆನ್ನಾಗಿತ್ತು. ಸ್ಟೂಲು ಒಂದೇ ಇತ್ತು ಎನ್ನುವುದು ಆಗ ಹೊಳೆಯಲಿಲ್ಲ.

“ಅವ್ವೆ, ಬಾ ನೋಡು!”

ಅವ್ವೆ ಕೋಲು ಊರಿಕೊಂಡು ಬಂದಳು. ಹೊಸ್ತಿಲಿನ ಹತ್ತಿರ ನಿಂತಳು. ಬಾಗಿಲು ತಗ್ಗು, ಅವಳು ಬಗ್ಗಲಾರಳು. ಅವಳಿಗೆ ಕಂಡದ್ದು ರಟ್ಟಿನ ಒಂದು ಮೂಲೆ ಮತ್ತು ನನ್ನ ಕಾಲು ಇರಬಹುದು.

“ಚೆನ್ನಾಗಿದೆ,” ಎಂದಳು.

“ಅಲ್ಲಿಂದ ಏನು ಕಾಣುತ್ತೆ? ಒಳಗೆ ಬಾ.”

“ಎನಗ ಇಲ್ಲೇ ಸಾಕು ಮಗಾ.”

ಆಗ ಅರ್ಥವಾಯಿತು. ಅವಳು ಮದುವೆಯಾಗಿ ಬಂದಂದಿನಿಂದ ಕಾಲಿಡದ ಕೋಣೆಯಲ್ಲಿ ಅವಳಿಗೆಂದು ಹಳ್ಳ ಮಾಡಲು ಹೊರಟಿದ್ದೆ. ರಸಮಟ್ಟ ಇಟ್ಟು ನೆಲ ನೋಡಿದ್ದೆ, ಟೇಪು ಹಿಡಿದು ಗೋಡೆ ನೋಡಿದ್ದೆ. ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾಚಿಕೆಯಾದಾಗ ನಾನು ವಾದಕ್ಕೆ ಇಳಿಯುತ್ತೇನೆ.

“ಈಗೆಲ್ಲಿ ಹಾಲು, ಎಲ್ಲಿ ಎಮ್ಮೆ? ಅದು ಬರೀ ಗೋಡೌನು. ಯಾರು ಏನಂತಾರೆ? ಅಪ್ಪನೂ ಇಲ್ಲ.”

ಕೊನೆಯ ಮಾತು ಆಡಿದೆನೋ, ಬರೀ ಅಂದುಕೊಂಡೆನೋ ತಿಳಿಯದು. ಆಡಿಲ್ಲ ಎಂದೇ ಬಹಳ ದಿನ ನಂಬಿದ್ದೆ. ಆದರೆ ಅವ್ವೆ ಅದಕ್ಕೆ ಕೊಟ್ಟ ಉತ್ತರ ನೆನಪಿದೆ.

“ಅಪ್ಪ ಇಲ್ಲದ್ದು ನಿನಗ ಗೊತ್ತು. ಎನ್ನ ಕಾಲಿಗೆ ಗೊತ್ತಾಗಬೇಕಲ್ಲ.”

ಮರುದಿನ ಬೆಳಿಗ್ಗೆ ನಾನು ಏಳುವಾಗ ಅವಳ ಸ್ನಾನ ಆಗಿತ್ತು. ಕೆತ್ತಿಯ ಆ ಚಳಿಯಲ್ಲಿ ತಲೆಗೂ ನೀರು ಹಾಕಿಕೊಂಡಿದ್ದಳು. ಒಗೆದ ಬಿಳಿ ಸೀರೆ ಉಟ್ಟು ಹಾಲುಕೋಣೆಯ ಮುಂದೆ ನಿಂತಿದ್ದಳು. ಕೋಲನ್ನು ಗೋಡೆಗೆ ಒರಗಿಸಿದಳು. ಬಗ್ಗಲು ಆಗದೆ, ಬಾಗಿಲಿನ ಎರಡೂ ಬದಿ ಹಿಡಿದು, ಮೈಭಾರವನ್ನೆಲ್ಲ ಕೈಗೆ ಬಿಟ್ಟು ಕುಳಿತ ಹಾಗೆ ಮಾಡಿ, ಹೊಸ್ತಿಲು ದಾಟಿದಳು. ನಾನು ಓಡಿ ಹೋಗಿ ಕೈ ಹಿಡಿಯಲಿಲ್ಲ. ಹಿಡಿದರೆ ಅವಳು ನಿಂತುಬಿಡಬಹುದೆಂದು. ಅಥವಾ ಅವಳು ದಾಟಲಿ ಎಂಬ ಆಸೆಯಿಂದ. ಎರಡನ್ನೂ ಬರೆದಿಡುತ್ತೇನೆ, ಎರಡನೆಯದೇ ನಿಜ ಎನಿಸುತ್ತದೆ.

ಅವ್ವೆ ಸ್ಟೂಲಿನ ಮೇಲೆ ಕೂರಲಿಲ್ಲ. ರಟ್ಟಿನ ಡಬ್ಬವನ್ನೂ ಹೆಚ್ಚು ನೋಡಲಿಲ್ಲ. ಗೋಡೆಯ ಗೂಡನ್ನು ನೋಡಿದಳು, ಮೇಲೆ ನೋಡಿದಳು, ಮೂಲೆಯ ನೆಲವನ್ನು ಕಾಲ ಬೆರಳಿನಿಂದ ಮುಟ್ಟಿದಳು. “ಇಷ್ಟೇನಾ,” ಎಂದಳು.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅಂದು ಟಿವಿ ಹಾಕಲಿಲ್ಲ, ಮಧ್ಯಾಹ್ನ ಉಣ್ಣಲಿಲ್ಲ. ಹಸಿವಿಲ್ಲ ಎಂದಳು. ಮೀನಿಲ್ಲ, ನೀರಿಲ್ಲ, ಗಾಜೂ ಇಲ್ಲ. ಬರೀ ಒಂದು ರಟ್ಟಿನ ಡಬ್ಬಕ್ಕಾಗಿ ನಾನು ಅವಳನ್ನು ಆ ಹೊಸ್ತಿಲು ದಾಟಿಸಿದ್ದೆ.

ಸಂಜೆ ಗೂಡಲೂರಿನವರ ಫೋನು. ಗಾಜು ಕೊಯ್ಯಲು ಕೊಡುತ್ತಿದ್ದಾರೆ, ಅಳತೆ ಅದೇ ತಾನೆ? ಬೆಂಚಿನ ಪಕ್ಕವೇ ನಿಂತು ಹೇಳಿದೆ: ಅಳತೆ ಬದಲಾಗಿದೆ, ತೊಟ್ಟಿ ಹಜಾರಕ್ಕೆ, ಕಿಟಕಿಯ ಕೆಳಗೆ, ಅಮ್ಮ ಕೂರುವ ಕಡೆ. ಆ ಕಡೆಯಿಂದ ಪಾಚಿಯ ಬಗ್ಗೆ, ವಾಲಿದ ನೆಲದ ಬಗ್ಗೆ ದೊಡ್ಡ ದನಿಯಲ್ಲಿ ಬೈಗುಳ ಶುರುವಾಯಿತು. ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನ್ನಿಸಿತ್ತು.

ಅವ್ವೆ ತಲೆ ಎತ್ತಿದಳು.

“ಇಲ್ಲಿಗೇ ತರುವುದಾದರೆ ನಾ ಒಳಗೆ ಹೋದದ್ದು ಏತಕ ಮಗಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ಹಾಲುಕೋಣೆಯಲ್ಲೇ ಇಟ್ಟರೆ ಅವಳು ದಿನವೂ ತಲೆಗೆ ನೀರು ಹಾಕಿಕೊಂಡು, ಬಾಗಿಲು ಹಿಡಿದು ದಾಟಬೇಕು. ಇಲ್ಲಿ ಇಟ್ಟರೆ ಆ ಒಂದು ಸಲ ದಾಟಿದ್ದಕ್ಕೆ ಅರ್ಥವೇ ಇಲ್ಲ. ಫೋನು ಕಿವಿಯಲ್ಲೇ ಇತ್ತು.

“ಸಾರ್? ಹಜಾರಾನಾ, ಆ ರೂಮಾ? ಕೊಯ್ದ ಗಾಜನ್ನ ಮತ್ತೆ ಸೇರಿಸೋಕಾಗಲ್ಲ, ಪರಯು ಸಾರ್, ಬೇಗ ಹೇಳಿ.”

“ಹಜಾರಕ್ಕೆ,” ಎಂದೆ.

ಅವ್ವೆ ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು. ಬಿಸಿಲು ಬೀಳುತ್ತಿದ್ದ ಕಡೆಯನ್ನು ಬಿಟ್ಟು, ಬೆಂಚಿನ ನೆರಳಿನ ತುದಿಗೆ ಒಂದೊಂದೇ ಗೇಣು ಸರಿದಳು. ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿ ಕೇಳಿದಳು:

“ಇಷ್ಟು ಸಾಕಾ, ಇನ್ನೂ ಬೇಕಾ?”