ಉಳುವವರ ಮಾತಿನಲ್ಲಿ

ಹುಣಸೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಮತಸುಧಾರಣೆಯನ್ನು ನೆನೆಯುವ ಭಾನುವಾರ. ದೇವರ ವಾಕ್ಯವನ್ನು ತನ್ನ ನಾಡಿನ ಆಡುಮಾತಿಗೆ ತಂದು, ಅದಕ್ಕಾಗಿಯೇ ಪ್ರಾಣ ಕೊಟ್ಟ ಹಳೆಯ ಕಾಲದ ಸುಧಾರಕನೊಬ್ಬನ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಹೊಲಿಗೆಯವಳು, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಸಭೆಯ ಹಿರಿಯರೊಬ್ಬರು ತಾವೇ ಬರೆದ ಹಾಳೆ ಕೊಟ್ಟು, "ಒಂದಕ್ಷರ ಬದಲಿಸಬೇಡಮ್ಮ" ಎಂದಿದ್ದರು.

'ಸ್ವಜನಭಾಷೆಗೆ ಪವಿತ್ರ ಗ್ರಂಥವನ್ನು ಅನುವಾದಗೈದ ಮಹನೀಯರು' ಎಂದು ಓದತೊಡಗಿದೆ. ಎದುರಿಗೆ ನಮ್ಮತ್ತೆ ಆಗಲೇ ತೂಕಡಿಸುತ್ತಿದ್ದರು. ಅವರು ಎಚ್.ಡಿ. ಕೋಟೆ ಕಡೆಯ ಹಳ್ಳಿಯವರು, ಓದು ಬಾರದು. ಜನರ ಮಾತಿಗಾಗಿ ಸತ್ತವನ ಕಥೆಯನ್ನು ಜನರಿಗೇ ತಿಳಿಯದ ಹಾಗೆ ಹೇಳುವುದೇ? ಮೈಯೆಲ್ಲ ಉರಿಯಿತು. ಹಾಳೆ ಮಡಿಸಿಟ್ಟೆ.

"ದೇವ್ರ ಪುಸ್ತಕ ಓದ್ದೋರ ಪೆಟ್ಟಿಗೇಲೇ ಇತ್ತು ಕಣ್ರವ್ವಾ. ಈವಯ್ಯ ಅದ್ನ ಉಳೋರ ಮಾತ್ಗೆ ತಂದ. ಬೇರೆ ದೇಸುಕ್ಕೋಗಿ ಅಚ್ಚಾಕ್ಸಿ, ಬಟ್ಟೆ ಮೂಟೆ ಒಳ್ಗೆ ಬಚ್ಚಿಟ್ಟು ತನ್ನೂರ್ಗೆ ಕಳಿಸ್ದ. ಜೊತೇಲಿ ಉಂಡೋನೇ ಇಡ್ಕೊಟ್ಟ. ಜೈಲ್ಗಾಕುದ್ರು. ಕುತ್ಗೆ ಬಿಗ್ದು, ಬೆಂಕಿ ಇಟ್ರು."

ಹಿರಿಯರು ಎದ್ದು ನಿಂತರು. "ಇದು ದೇವಾಲಯ, ಸಂತೆಯಲ್ಲ!"

ಅಷ್ಟರಲ್ಲಿ ಅತ್ತೆ ಕೇಳಿಯೇಬಿಟ್ಟರು: "ತೆಪ್ಪಾಯ್ತು ಅಂದಿದ್ರೆ ಬುಡೋರೇನವ್ವ?"

"ಜೀವ ಉಳೀತಿತ್ತೇನೋ ಕಣತ್ತೆ."

"ಅಂದ್ನಾ?"

"ಅನ್ನಲಿಲ್ಲ."

"ಅಂಗಿರ್ಬೇಕು ಕಣ!" ಎಂದರು ಅತ್ತೆ, ಇಡೀ ಸಭೆಗೆ ಕೇಳುವ ಹಾಗೆ.

ಮುಂದಿನ ವಾರ ಹಿರಿಯರು ನನ್ನನ್ನು ಕರೆಸಿ, ಎಲ್ಲರ ಮುಂದೆ ಕ್ಷಮೆ ಕೇಳು ಎಂದರು. "ಯಾವ್ದುಕ್ಕೆ ಕೇಳ್ಲಿ? ನಮ್ಮತ್ತೆಗೆ ಅರ್ಥವಾಯ್ತಲ್ಲ, ಅದುಕ್ಕಾ?" ಎಂದೆ. ಮಕ್ಕಳ ಪಾಠ ನನ್ನಿಂದ ಹೋಯಿತು. ಮನೆಗೆ ಬಂದಾಗ ಅತ್ತೆ, "ಓಯ್ತಾ, ಓಗ್ಲಿ ಬುಡು, ನಂಗೇಳ್ಕೊಡು" ಎಂದರು.

ಈಗ ಭಾನುವಾರ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ ಚಾಪೆ ಹಾಸುತ್ತೇನೆ. ಕೆ.ಆರ್. ನಗರದಿಂದಲೂ ಹೆಂಗಸರು ಬಸ್ಸಿನಲ್ಲಿ ಬರುತ್ತಾರೆ. ನಾನು ವಾಕ್ಯ ಓದಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಹಿರಿಯರು ಬಾಗಿಲ ಮುಂದೆ ಹಾದುಹೋದರೆ ದನಿ ಇನ್ನಷ್ಟು ಏರಿಸುತ್ತೇನೆ. ಅತ್ತೆ ಈಗ ತೂಕಡಿಸುವುದಿಲ್ಲ, ಜಗಳಕ್ಕೇ ನಿಲ್ಲುತ್ತಾರೆ. ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂದು ಅಪೊಸ್ತಲನೊಬ್ಬ ಬರೆದ ವಾಕ್ಯ ಬಂದ ದಿನವಂತೂ, "ಇನ್ನೊಂದ್ಸಲ ಓದವ್ವ, ಅದ್ಯಾವ ಬಾಯಲ್ಲಿ ಅಂದ್ನೋ ಕೇಳಾನ" ಎಂದು ಚಾಪೆಯ ಮೇಲೆ ನೆಟ್ಟಗೆ ಕೂತರು.